ಘಾಟು, ಹೊಳೆ, ಊರು: ಹಳೇ ಹೆದ್ದಾರಿಯನ್ನು ನಾನು ಹುಡುಕುವ ಬಗೆ

ಹಳೇ ಹೆದ್ದಾರಿ ಉಳಿದಿರುವುದು ಮೂರೇ ಕಡೆ. ಘಾಟಿನಲ್ಲಿ, ಹೊಳೆ ದಾಟುವಲ್ಲಿ, ಊರೊಳಗೆ. ಬಯಲಲ್ಲಿ ಹುಡುಕುವುದು ದಂಡ. ಅಲ್ಲಿ ರಸ್ತೆ ಅಗಲ ಮಾಡುವಾಗ ಹಳೆಯದರ ಮೈಮೇಲೇ ಹೊಸದನ್ನು ಹಾಸಿಬಿಡುತ್ತಾರೆ. ಆಲದ ಮರದ ಸಾಲೂ ಹೋಗುತ್ತದೆ, ಮೈಲಿಗಲ್ಲೂ ಹೋಗುತ್ತದೆ. ಆದರೆ ಘಾಟಿನಲ್ಲಿ ನಾಲ್ಕು ಲೇನ್ ಹಾಕಲು ಜಾಗ ಇರುವುದಿಲ್ಲ, ಪಕ್ಕದಲ್ಲಿ ಸುರಂಗ ಕೊರೆಯುತ್ತಾರೆ. ಹೊಳೆಗೆ ಹೊಸ ಸೇತುವೆಯನ್ನು ಹಳೆಯದರ ಬಗಲಿಗೇ ಕಟ್ಟುತ್ತಾರೆ. ಊರಿಗೆ ಬೈಪಾಸ್ ಬಂದರೆ ಹಳೇ ರಸ್ತೆ ಪೇಟೆ ಬೀದಿಯಾಗಿ ಉಳಿಯುತ್ತದೆ. ಧಾರವಾಡ, ಹಾವೇರಿ, ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಊರಿನ ಪಿ.ಬಿ. ರೋಡೇ ಪೂನಾ-ಬೆಂಗಳೂರು ರಸ್ತೆ.

ನಾನು ಧಾರವಾಡದವನು, ಪುಣೆಯಲ್ಲಿ ನೆಲೆಸಿ ಬಹಳ ಕಾಲವಾಯಿತು. ಊರಿಗೆ ಹೋಗುವುದೂ ಬರುವುದೂ ಇದೇ ರಸ್ತೆಯಲ್ಲಿ. ಮೊದಲು ಅದು ರಾಷ್ಟ್ರೀಯ ಹೆದ್ದಾರಿ 4, 2010ರಲ್ಲಿ ಸಂಖ್ಯೆಗಳನ್ನು ಬದಲಿಸಿದ ಮೇಲೆ 48. ಬೆಳಗಾವಿ-ಪಣಜಿಯ 4ಎ ಈಗ 748, ಪನವೇಲಿನಿಂದ ಗೋವಾ, ಮಂಗಳೂರಿನ ಕಡೆ ಹೋಗುವ 17 ಈಗ 66. ಬೋರ್ಡುಗಳನ್ನು ಬದಲಿಸಿದರು, ಆದರೆ ಬಿಟ್ಟುಹೋದ ತುಂಡು ರಸ್ತೆಗಳಲ್ಲಿ ಕಲ್ಲು ಬದಲಿಸಲು ಯಾರೂ ಹೋಗಲಿಲ್ಲ. ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲೆ ಇನ್ನೂ 4 ಅಂತಲೇ ಇದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ.

ಹಳೇ ರಸ್ತೆ ಹುಡುಕಲು ಹಳೇ ನಕಾಶೆ ಬೇಕು. ಅದು ಸಿಗುವ ಜಾಗಗಳ ವಿಷಯ. ಪುಣೆಯಲ್ಲಿ ಜುನಾ ಬಜಾರ್, ಮುಂಬಯಿಯಲ್ಲಿ ಚೋರ್ ಬಜಾರ್ ಮತ್ತು ಫ್ಲೋರಾ ಫೌಂಟನ್ ಸುತ್ತಿನ ಫುಟ್‌ಪಾತ್ ಪುಸ್ತಕದವರು. ಇವೆಲ್ಲಕ್ಕಿಂತ ಹೆಚ್ಚಾಗಿ ಪೇಠಗಳ, ಅಂದರೆ ಪುಣೆಯ ಹಳೇ ಕೇರಿಗಳ, ರದ್ದಿ ಅಂಗಡಿಗಳು. ಹಳೇ ವಾಡೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಅಟ್ಟದ ಸಾಮಾನೆಲ್ಲ ಅಲ್ಲಿಗೇ ಬರುತ್ತದೆ. ಚೋರ್ ಬಜಾರಿನವರು ಈಗ ಜಾಣರಾಗಿದ್ದಾರೆ, ನಕಾಶೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವಸ್ತುವಿನ ಬೆಲೆ ಹೇಳುತ್ತಾರೆ. ರದ್ದಿಯವನು ಇನ್ನೂ ಕಿಲೋ ಲೆಕ್ಕದಲ್ಲೇ ಇದ್ದಾನೆ. ಅವನ ಹತ್ತಿರ "ಹಳೇ ನಕಾಶೆ ಇದೆಯಾ" ಅಂತ ಕೇಳಬೇಡಿ, ಕೇಳಿದ ಕೂಡಲೇ ಬೆಲೆ ಏರುತ್ತದೆ. ಹಳೇ ಡೈರಿ, ರೈಲ್ವೆ ಟೈಮ್‌ಟೇಬಲ್ ಕೇಳಿ. ನಕಾಶೆ ಅವುಗಳ ಹೊಟ್ಟೆಯೊಳಗೆ ಮಡಚಿಕೊಂಡು ಬರುತ್ತದೆ.

ನನ್ನ ಗಂಟಿನಲ್ಲಿ ಎರಡು ಜಾತಿ ಇವೆ. ಒಂದು, ಪೆಟ್ರೋಲ್ ಕಂಪನಿಗಳು ಗಿರಾಕಿಗಳಿಗೆ ಕೊಡುತ್ತಿದ್ದ ಮಡಿಕೆ ನಕಾಶೆ. ಬರ್ಮಾ ಶೆಲ್‌ನವು ಈಗಲೂ ಅಲ್ಲಲ್ಲಿ ಸಿಗುತ್ತವೆ. ಇನ್ನೊಂದು, ಸರ್ಕಾರದ ನಕಾಶೆ ಇಲಾಖೆಯಾದ ಸರ್ವೇ ಆಫ್ ಇಂಡಿಯಾದ ಹಾಳೆಗಳು. ನೋಡಲು ಚೆಂದ ಮೊದಲನೆಯದು, ಕೆಲಸಕ್ಕೆ ಬರುವುದು ಎರಡನೆಯದು. ಮೈಲಿಗೆ ಒಂದು ಇಂಚಿನ ಆ ಹಾಳೆಯಲ್ಲಿ ರಸ್ತೆಯ ಒಂದೊಂದು ಸೊಟ್ಟವೂ ಕಾಣುತ್ತದೆ. ರಸ್ತೆಯುದ್ದಕ್ಕೂ ಮೈಲಿಗಲ್ಲುಗಳ ಅಂಕಿ ಇರುತ್ತದೆ. ಡಾಕ್ ಬಂಗಲೆ ಇದ್ದಲ್ಲಿ 'ಡಿಬಿ', ಇನ್‌ಸ್ಪೆಕ್ಷನ್ ಬಂಗಲೆ ಇದ್ದಲ್ಲಿ 'ಐಬಿ' ಎಂದು ಇಂಗ್ಲಿಷಿನ ಎರಡಕ್ಷರ.

ಹಾಳೆಯ ನಂಬರು ಮೊದಮೊದಲು ತಲೆ ತಿನ್ನುತ್ತದೆ, ಒಮ್ಮೆ ತಿಳಿದರೆ ಸಲೀಸು. ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಕ್ಕೆ ಒಂದು ಅಂಕಿ. ಅದರೊಳಗೆ ಒಂದೊಂದು ಡಿಗ್ರಿಯ ಹದಿನಾರು ಚೌಕ, ಅವಕ್ಕೆ ಎ ಇಂದ ಪಿ ತನಕ ಅಕ್ಷರ. ಅದರೊಳಗೆ ಮತ್ತೆ ಹದಿನಾರು. ಪುಣೆ 47 ಎಫ್/14. ಮುಂಬಯಿ-ಪುಣೆ ನಡುವಿನ ಬೋರ್ ಘಾಟ್ 47 ಎಫ್/5. ಕೊಲ್ಲಾಪುರ, ನಿಪ್ಪಾಣಿ ಎರಡೂ 47 ಎಲ್. ಬೆಳಗಾವಿ 48 ಐ. ರದ್ದಿ ಅಂಗಡಿಯಲ್ಲಿ ಹಾಳೆಯ ಮೂಲೆ ಮಾತ್ರ ಎತ್ತಿ ನೋಡಿದರೂ ಯಾವ ಸೀಮೆಯದು ಎಂದು ತಿಳಿಯುತ್ತದೆ, ಬಿಚ್ಚಿ ಆಸೆ ತೋರಿಸಬೇಕಾಗಿಲ್ಲ. ಕರಾವಳಿಯ ಹಾಳೆಗಳು ಮಾತ್ರ ಅಪರೂಪ. ಬಹಳ ವರ್ಷ ಅವು ಸಾರ್ವಜನಿಕರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ನಕಾಶೆ ನೀತಿ ಬಂದ ಮೇಲೆ ಜನರಿಗೆಂದೇ ಬೇರೆ ಸರಣಿ ಶುರುವಾಯಿತು.

ಪೆಟ್ರೋಲ್ ಕಂಪನಿಯ ನಕಾಶೆಯಲ್ಲಿ ಎಷ್ಟೋ ಸಲ ಇಸವಿ ಇರುವುದಿಲ್ಲ. ಅದನ್ನು ಹಿಡಿಯುವುದೇ ಈ ಹವ್ಯಾಸದ ರುಚಿ. ನನ್ನ ಹತ್ತಿರದ ಒಂದನ್ನೇ ಹೇಳುತ್ತೇನೆ. ದೂರಗಳು ಮೈಲಿಯಲ್ಲಿವೆ. ಬೆಳಗಾವಿ, ಧಾರವಾಡ ಮೈಸೂರು ರಾಜ್ಯದ ಬಣ್ಣದಲ್ಲಿವೆ, ಅಂದಮೇಲೆ 1956ರ ನವೆಂಬರ್ ಆದಮೇಲಿನದು. ರಾಜ್ಯದ ಹೆಸರು ಕರ್ನಾಟಕವಾಗಿಲ್ಲ, ಅದಾದದ್ದು 1973ರಲ್ಲಿ. ಪುಣೆ ಇರುವುದು ಬಾಂಬೆ ರಾಜ್ಯದಲ್ಲಲ್ಲ, ಮಹಾರಾಷ್ಟ್ರದಲ್ಲಿ, ಅಂದರೆ 1960ರ ಮೇ ದಾಟಿದೆ. ಗೋವಾಕ್ಕೆ ಬೇರೆಯೇ ಬಣ್ಣ, ಗಡಿಗೆ ದಪ್ಪ ಗೆರೆ, ಪೋರ್ಚುಗೀಸರದು ಎಂಬ ಒಕ್ಕಣೆ. ಅವರು ಹೋದದ್ದು 1961ರ ಡಿಸೆಂಬರ್ 19ಕ್ಕೆ. ಅಲ್ಲಿಗೆ ಒಂದೂವರೆ ವರ್ಷದ ಸಂದಿಯಲ್ಲಿ ಸಿಕ್ಕಿಬಿತ್ತು ಅಂದುಕೊಳ್ಳಬಹುದು.

ಅಂದುಕೊಳ್ಳಬಹುದು ಅಷ್ಟೆ. ಕಂಪನಿಗಳು ಹಳೇ ಅಚ್ಚನ್ನೇ ತೇಪೆ ಹಾಕಿ ಮತ್ತೆ ಮತ್ತೆ ಮುದ್ರಿಸುತ್ತಿದ್ದವು. ನಕಾಶೆಯಲ್ಲಿ ಒಂದು ವಸ್ತು ಇದ್ದರೆ ಅದು ಆದಮೇಲಿನ ಮುದ್ರಣ ಎನ್ನುವುದು ಗಟ್ಟಿ. ಇಲ್ಲದಿದ್ದರೆ ಅದಕ್ಕೂ ಮುಂಚಿನದು ಎನ್ನುವುದು ಗಟ್ಟಿಯಲ್ಲ, ತಿದ್ದಲು ಮರೆತಿರಬಹುದು. ಹಾಗಾಗಿ ಇರುವುದರ ಮೇಲೆ ಭಾರ ಹಾಕಬೇಕು, ಇಲ್ಲದ್ದರ ಮೇಲೆ ಅಲ್ಲ. ಕೊಯ್ನಾ ಅಣೆಕಟ್ಟಿನ ಹಿನ್ನೀರು ನೀಲಿಯಾಗಿ ಕಂಡರೆ 1960ರ ದಶಕ ಬಂತು. ಮುಂಬಯಿಯಿಂದ ಪನವೇಲ್ ಕಡೆಗೆ ಸಮುದ್ರದ ಖಾಡಿ ದಾಟಿಸುವ ವಾಶಿ ಸೇತುವೆ ಇದ್ದರೆ 70ರ ದಶಕ. ಸಿಂಧುದುರ್ಗ ಜಿಲ್ಲೆ ಇದ್ದರೆ 1981 ದಾಟಿತು. ಮುಖಪುಟದ ಮೇಲಿನ ಕಂಪನಿಯ ಹೆಸರೂ ಸಾಕ್ಷಿಯೇ: ಎಸ್ಸೊ 1974ರಲ್ಲಿ, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದವು, ಆ ಹೆಸರುಗಳು ಹೋಗಿ ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಬಂದವು.

ಹಾಳೆ ಕೈಗೆ ಬಂದ ಮೇಲೆ ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ನಾನು ಬಳಸುವುದು ಕ್ಯೂಜಿಐಎಸ್, ನಕಾಶೆ ಕೆಲಸದ ಪುಕ್ಕಟೆ ಸಾಫ್ಟ್‌ವೇರ್. ನಕಾಶೆಯನ್ನು ನೆಲಕ್ಕೆ ಹಾಸಿ, ಮೇಲೆ ಗಾಜಿಟ್ಟು, ಬೆಳಗಿನ ಬೆಳಕಲ್ಲಿ ನೆತ್ತಿಯ ನೇರಕ್ಕೆ ಫೋಟೊ ತೆಗೆದರೆ ಸಾಕು, ಸ್ಕ್ಯಾನರ್ ಬೇಡ. ಅಂಚಿನಲ್ಲಿ ಬರೆದ ಅಕ್ಷಾಂಶ ರೇಖಾಂಶಗಳನ್ನೇ ಹಿಡಿದು ಕೂರಿಸಲು ಹೋದರೆ ರಸ್ತೆ ಜರುಗಿ ಪಕ್ಕದ ಹೊಲಕ್ಕೆ ಬೀಳುತ್ತದೆ. ಹಳೇ ಹಾಳೆಗಳು ಭೂಮಿಯ ಆಕಾರಕ್ಕೆ 'ಎವರೆಸ್ಟ್' ಎಂಬ ಹೆಸರಿನ ಹಳೇ ಲೆಕ್ಕ ಹಿಡಿದಿವೆ, ನಮ್ಮ ಫೋನಿನ ಜಿಪಿಎಸ್ಸಿನದು ಬೇರೆ ಲೆಕ್ಕ. ಜರುಗದ ವಸ್ತುಗಳನ್ನು ಹಿಡಿದು ಜೋಡಿಸಬೇಕು: ರೈಲ್ವೆ ಸೇತುವೆ, ಕೋಟೆಯ ಬುರುಜು, ಚರ್ಚು, ಹಳೇ ದೇವಸ್ಥಾನ. ಕೆರೆಯ ಏರಿ ಪರವಾಗಿಲ್ಲ. ಹೊಳೆಯ ದಡವನ್ನು ನಂಬುವುದು ಬೇಡ.

ಎರಡೂ ಕೂತಾಗ ಹೊಸ ರಸ್ತೆ ನೆಟ್ಟಗೆ ಹೋಗಿರುತ್ತದೆ, ಹಳೆಯದು ಅದನ್ನು ಬಿಟ್ಟು ಬಾಗಿ ಮತ್ತೆ ಬಂದು ಸೇರುತ್ತದೆ. ಆ ಬಾಗಿದ ತುಂಡೇ ನಮ್ಮದು. ಅಂಥ ತುಂಡುಗಳನ್ನು ಫೋನಿಗೆ ಹಾಕಿಕೊಂಡು ಹೊರಡುತ್ತೇವೆ. ನಮ್ಮ ಕನ್ನಡದ ಗೆಳೆಯನೊಬ್ಬ ಗಾಡಿ ಹೊಡೆಯುತ್ತಾನೆ, ನಾನು ನಕಾಶೆ ಹಿಡಿಯುತ್ತೇನೆ. ಶನಿವಾರ ಭಾನುವಾರ ಲೋಣಾವಳದ ಕಡೆ ತಲೆ ಹಾಕುವುದಿಲ್ಲ, ಚಿಕ್ಕಿ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸುವವರ ನಡುವೆ ಯಾವ ಇತಿಹಾಸವೂ ಕಾಣುವುದಿಲ್ಲ.

ಮುಂಬಯಿ-ಪುಣೆ ದಾರಿಯನ್ನು ಹಳೇ ಲೆಕ್ಕದಲ್ಲಿ ಮಾಡಬೇಕಾದರೆ ಫೋರ್ಟಿನ ಸೇಂಟ್ ಥಾಮಸ್ ಕೆಥೆಡ್ರಲ್ ಮುಂದೆ ಶುರು ಮಾಡಬೇಕು. ಊರಿನ ಹಳೇ ಮೈಲಿಗಲ್ಲುಗಳ ಅಳತೆ ಅಲ್ಲಿಂದ. ಕಪ್ಪು ಕಲ್ಲಿನಲ್ಲಿ ರೋಮನ್ ಅಂಕಿ. ಎಷ್ಟೋ ಕಲ್ಲುಗಳು ಫುಟ್‌ಪಾತಿನಡಿ ಹೂತುಹೋಗಿದ್ದವು, ಈಚಿನ ವರ್ಷಗಳಲ್ಲಿ ಕೆಲವನ್ನು ಎತ್ತಿ ಸರಿಪಡಿಸಿ ನಿಲ್ಲಿಸಿದ್ದಾರೆ. ಸಯನ್ ದಾಟಿ ಕುರ್ಲಾ, ಘಾಟ್‌ಕೋಪರ್, ಭಾಂಡೂಪ್ ಮೇಲೆ ಠಾಣೆಗೆ ಹೋಗುವ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗವೇ ಹಳೇ ಆಗ್ರಾ ರಸ್ತೆ. ವಾಶಿ ಸೇತುವೆ ಇಲ್ಲದ ಕಾಲದಲ್ಲಿ ಪುಣೆಗೂ ಅದೇ ಗತಿ: ಠಾಣೆಗೆ ಹೋಗಿ ಖಾಡಿ ದಾಟಿ ಕಳವಾ, ಮುಂಬ್ರಾ, ಶೀಳ್ ಫಾಟಾ, ಆಮೇಲೆ ಪನವೇಲ್. ಕಳವಾ-ಮುಂಬ್ರಾದಲ್ಲಿ ಆ ರಸ್ತೆಯನ್ನು ಈಗಲೂ ಹಳೇ ಮುಂಬಯಿ-ಪುಣೆ ರಸ್ತೆ ಎನ್ನುತ್ತಾರೆ. ಚೆಂದದ ರಸ್ತೆ ಅಂತ ನಾನು ಹೇಳಲಾರೆ, ಟ್ರಾಫಿಕ್ ನರಕ. ಮುಂಬಯಿಯೊಳಗಿನ ಭಾಗವನ್ನು ಬೆಳಗಿನ ಜಾವ ಮುಗಿಸಿ.

ಇದರ ಜೀವ ಇರುವುದು ಖೋಪೋಲಿಯಿಂದ ಖಂಡಾಳದವರೆಗಿನ ಬೋರ್ ಘಾಟಿನಲ್ಲಿ. ಗಾಡಿ ರಸ್ತೆ ತೆರೆದದ್ದು 1830ರಲ್ಲಿ, ಬಾಂಬೆ ಗವರ್ನರ್ ಜಾನ್ ಮಾಲ್ಕಮ್ ಕಾಲದಲ್ಲಿ. ರೈಲು ಹತ್ತಿದ್ದು 1863ರಲ್ಲಿ. ಎಕ್ಸ್‌ಪ್ರೆಸ್‌ವೇ ಪೂರ್ತಿಯಾದದ್ದು 2002ರಲ್ಲಿ. ಮೂರೂ ಒಂದೇ ಬೆಟ್ಟಕ್ಕೆ ಅಂಟಿಕೊಂಡಿವೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶವಿಲ್ಲದ್ದರಿಂದ ಹಳೇ ಹೆದ್ದಾರಿ ಈಗ ಬೈಕಿನವರ ರಾಜ್ಯ. ಹತ್ತುವಾಗ ಶಿಂಗ್ರೋಬಾ ಗುಡಿ ಸಿಗುತ್ತದೆ. ಇಂಗ್ಲಿಷರಿಗೆ ಘಾಟಿನ ದಾರಿ ತೋರಿಸಿದ ಧನಗರ ಕುರಿಗಾಹಿಯ ಗುಡಿ ಎಂದು ಕತೆ, ದಾರಿ ತೋರಿಸಿದವನನ್ನೇ ಅವರು ಕೊಂದರು ಎಂದೂ ಹೇಳುತ್ತಾರೆ. ಡ್ರೈವರುಗಳು ಗಾಡಿ ನಿಲ್ಲಿಸದೆಯೇ ನಾಣ್ಯ ಎಸೆದು ಹೋಗುತ್ತಾರೆ.

ನಮ್ಮ ಓಣಿಯಲ್ಲಿ ಸಂಕೇಶ್ವರ ಕಡೆಯ ಹಿರಿಯರೊಬ್ಬರಿದ್ದಾರೆ, ವಯಸ್ಸಿನಲ್ಲೆಲ್ಲ ಲಾರಿ ಹೊಡೆದವರು. ಹಾಳೆ ಹಾಸಿಕೊಂಡು ಕೂತಾಗ ಬಂದು ಬಗ್ಗಿ ನೋಡಿದರು.

"ನಕಾಶಿ ಎದಕ್ಕರೀ ಸರ? ಗಾಡಿ ಹೊಡ್ಯಾವಂಗ ಘಾಟಿನ ತಿರುವೆಲ್ಲಾ ಕಾಲಾಗ ಇರತಾವ."

"ಹಂಗಾರ ಕಾಕಾ, ಇಲ್ಲಿ ಎರಡು ಗೆರಿ ಐತಲ್ಲ, ಯಾವುದರ ಮ್ಯಾಲ ಹೋಗತಿದ್ರಿ?"

ಕನ್ನಡಕ ಏರಿಸಿ, ಬೆರಳನ್ನು ಖಂಡಾಳದಿಂದ ಕೆಳಗೆ ಜಾರಿಸುತ್ತ, ಎಲ್ಲಿ ಬ್ರೇಕ್ ಆರಲು ನಿಲ್ಲಿಸುತ್ತಿದ್ದರು, ಎಲ್ಲಿ ರೇಡಿಯೇಟರಿಗೆ ನೀರು ಸಿಗುತ್ತಿತ್ತು ಎಂದು ಹೇಳುತ್ತ ಹೋದರು. ಹಾಳೆಯಲ್ಲಿ ಅಲ್ಲೊಂದು ಬಾವಿಯ ಗುರುತು ಇತ್ತು. ಅಮೃತಾಂಜನ್ ಪೂಲಿನ ಹತ್ತಿರ ಬೆರಳು ನಿಂತಿತು. "ಅದನ್ನ ಕೆಡವ್ಯಾರಂತಲ್ಲ?" ಕೆಡವಿದ್ದು ನಿಜ. 1830ರ ಆ ಕಲ್ಲಿನ ಕಮಾನು ಸೇತುವೆಯ ಕಂಬಗಳ ನಡುವೆಯೇ ಎಕ್ಸ್‌ಪ್ರೆಸ್‌ವೇ ನುಸುಳುತ್ತಿತ್ತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ರಸ್ತೆ ಖಾಲಿಯಿದ್ದಾಗ, ಸಿಡಿಮದ್ದಿಟ್ಟು ಉರುಳಿಸಿದರು. ಅಲ್ಲಿ ಅಪಘಾತಗಳಾಗುತ್ತಿದ್ದವು, ನಿರ್ಧಾರವನ್ನು ನಾನು ತಪ್ಪೆನ್ನುವುದಿಲ್ಲ. ಒಂದು ಕಮಾನನ್ನಾದರೂ ಬೇರೆಡೆ ಜೋಡಿಸಿ ನಿಲ್ಲಿಸಬಹುದಿತ್ತು.

ತುಂಡು ರಸ್ತೆಗೆ ಇಳಿದ ಮೇಲೆ ಡಾಂಬರು ನೋಡಬೇಡಿ, ಮೋರಿ ನೋಡಿ. ಮೇಲಿನ ಡಾಂಬರು ಮೊನ್ನೆಯದಿರಬಹುದು, ಕೆಳಗಿನ ಮೋರಿಯನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ. ಕೊರೆದ ಕಲ್ಲಿನ ಕಮಾನಿದ್ದರೆ ಹಳೇ ಕಾಲದ್ದು, ಕಾಂಕ್ರೀಟಿನ ದುಂಡು ಪೈಪಾದರೆ ಈಚಿನದು. ಮೈಲಿಗಲ್ಲಿನ ಅಕ್ಷರಗಳ ಮೇಲೆ ಸುಣ್ಣ, ಪೇಂಟು ಪದರಪದರವಾಗಿ ಕೂತಿರುತ್ತದೆ. ಅದನ್ನು ಕೆರೆಯಬಾರದು. ನೀರು ಚಿಮುಕಿಸಿ, ಟಾರ್ಚನ್ನು ಕಲ್ಲಿನ ಬಗಲಿಗೆ ಒತ್ತಿ ಹಿಡಿಯಿರಿ, ಬೆಳಕು ಓರೆಯಾಗಿ ಹರಿಯಬೇಕು. ಎದುರಿನಿಂದ ಬೋಳಾಗಿ ಕಂಡ ಕಲ್ಲಿನಲ್ಲಿ ಅಂಕಿಯ ಅಂಚು ಕಪ್ಪು ನೆರಳಾಗಿ ಎದ್ದುಬರುತ್ತದೆ. ಮಧ್ಯಾಹ್ನ ಮಾಡಬೇಕಾದರೆ ಗೆಳೆಯನಿಗೆ ಕೊಡೆ ಹಿಡಿಯಲು ಹೇಳಿ.

ಪುಣೆಯಿಂದ ದಕ್ಷಿಣಕ್ಕೆ ಕಾತ್ರಜ್‌ನ ಹಳೇ ಸುರಂಗ ಒಳ್ಳೆಯ ಮೊದಲ ಪಾಠ. ಹೆದ್ದಾರಿ ಪಶ್ಚಿಮದ ಹೊಸ ಸುರಂಗಕ್ಕೆ ಹೋಯಿತು, ಹಳೆಯದರಲ್ಲಿ ಊರ ವಾಹನಗಳ ಓಡಾಟ ಉಳಿದಿದೆ. ಮುಂದೆ ಖಂಬಾಟ್ಕಿ ಘಾಟು, ಅದಾದ ಮೇಲೆ ನಿಪ್ಪಾಣಿ ದಾಟಿದ ತವಂದಿ ಘಾಟು. ನಡುವಿನ ಬಯಲನ್ನು ನಾನು ಹೊಸ ರಸ್ತೆಯಲ್ಲೇ ಓಡಿಸಿಬಿಡುತ್ತೇನೆ. ಮಳೆಗಾಲದಲ್ಲಂತೂ ಹೊರಡುವುದೇ ಬೇಡ. 2019ರಲ್ಲೂ 2021ರಲ್ಲೂ ಕೊಲ್ಲಾಪುರದ ಶಿರೋಲಿ ಹತ್ತಿರ ಪಂಚಗಂಗೆ ಹೊಸ ಹೆದ್ದಾರಿಯನ್ನೇ ಮುಳುಗಿಸಿದ್ದಳು. ಹಳೇ ಸೇತುವೆಗಳ ಮೇಲೆ ಗಾಡಿ ಹತ್ತಿಸುವ ಚಟವೂ ಬೇಡ, ಇಳಿದು ನಡೆಯಿರಿ. ಮಹಾಡ್ ಹತ್ತಿರ ಸಾವಿತ್ರಿ ನದಿಯ 1928ರ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಬಸ್ಸುಗಳ ಸಮೇತ ಹೋಯಿತು. ಅಂದಿಗೂ ಅದು ಹೆದ್ದಾರಿಯ ಸೇತುವೆಯೇ ಆಗಿತ್ತು.

ನಕಾಶೆಯ ಆರೈಕೆ ಸರಳ. ಸೆಲ್ಲೋ ಟೇಪ್ ಹಚ್ಚಬೇಡಿ, ಕೆಲವು ವರ್ಷಕ್ಕೆ ಅದು ಕಂದಿ ಕಾಗದವನ್ನೂ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲಾಗುವುದಿಲ್ಲ. ಮಡಿಕೆಯಲ್ಲಿ ಹರಿದದ್ದಕ್ಕೆ ತೆಳು ಟಿಶ್ಯೂ ಕಾಗದ, ಗೋಧಿ ಗಂಜಿಯ ಅಂಟು. ಬಿಚ್ಚಿ ಹಾಸಿದಂತೆಯೇ ಇಡಬೇಕು. ಮಳೆಗಾಲದಲ್ಲಿ ಕಪಾಟು ತೆರೆದು ಗಾಳಿಯಾಡಿಸದಿದ್ದರೆ ಬೂಷ್ಟು ಖಂಡಿತ. ವಾಸ್ಕೋದ ಅಕ್ಕನ ಮನೆಯಲ್ಲಿ ಇಟ್ಟಿದ್ದ ಗೋವಾದ ಹಾಳೆಗಳನ್ನು ಅದಕ್ಕೇ ಪುಣೆಗೆ ತಂದುಕೊಂಡೆ.

ಗೋವಾದಲ್ಲಿ ಹುಡುಕಲು ಕಷ್ಟಪಡಬೇಕಿಲ್ಲ. ಪಣಜಿಯಿಂದ ರಿಬಂದರಿಗೆ ಹೋಗುವ ಕಟ್ಟೆ ರಸ್ತೆ, ಕೌಂಟ್ ಲಿನ್ಯಾರಿಸ್ ಎಂಬ ವೈಸ್‌ರಾಯ್ 1630ರ ದಶಕದಲ್ಲಿ ಕಟ್ಟಿಸಿದ್ದು, ಸುಮಾರು ಮೂರು ಕಿಲೋಮೀಟರ್ ಉದ್ದ, ಇವತ್ತಿಗೂ ವಾಹನ ಓಡುತ್ತವೆ. ನನಗೆ ಕುತೂಹಲ ಇರುವುದು ಖಾನಾಪುರ, ಲೋಂಡಾ, ಅನಮೋಡ್ ಮೇಲೆ ಮೊಲೆಂಗೆ ಇಳಿಯುವ ದಾರಿಯ ಮೇಲೆ. ಅದು 48 ಐ ಹಾಳೆಯಲ್ಲಿ ಶುರುವಾಗಿ 48 ಇ ಹಾಳೆಯ ಪಣಜಿಯಲ್ಲಿ ಮುಗಿಯುತ್ತದೆ. 1961ಕ್ಕೆ ಮುಂಚಿನ ಮುದ್ರಣ ಸಿಕ್ಕರೆ ಗಡಿಯ ಎರಡೂ ಬದಿ ರಸ್ತೆಯ ದರ್ಜೆಯನ್ನು ಹೇಗೆ ತೋರಿಸಿದ್ದಾರೆ ನೋಡಬೇಕು. ಜುನಾ ಬಜಾರಿನಲ್ಲಿ ಹೇಳಿಟ್ಟಿದ್ದೇನೆ, ಈವರೆಗೆ ಬಂದಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಬೆಳಗಾವಿಯಲ್ಲಿ ಇಳಿದು ಕ್ಯಾಂಪ್ ಸುತ್ತಿನ ರದ್ದಿ ಅಂಗಡಿಗಳನ್ನು ನೋಡುವುದಿದೆ. ಪಲ್ಟಣಿನ ಊರು, ನಕಾಶೆ ಓದಿದವರು ಅಲ್ಲಿ ಬಹಳ.