ಕ್ಯಾಲಸ್‌ನೊಳಗೆ ನೋವಿನ ನರ ಹಿಡಿದಿದ್ದು: ನನ್ನ ಅನುಭವ

ಮುರಿದ ಮೂಳೆ ಕೂಡುವಾಗ ಕ್ಯಾಲಸ್‌ನಲ್ಲಿ, ಅಂದರೆ ಮುರಿದ ಜಾಗವನ್ನು ಬೆಸೆಯುವ ಹೊಸ ಗಂಟಿನಲ್ಲಿ, ನರ ತೋರಿಸೋದು ನಿನ್ನ ಕೈಲಾಗಲ್ಲ, ಕಂಡರೂ ಅದು ಬಣ್ಣದ ಕಸ ಅಂತ ನಮ್ಮ ವಿಭಾಗದ ಹಿರಿಯರು ಹೇಳುತ್ತಲೇ ಇದ್ದರು. ಈಗ ನನ್ನ ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ, ನೋವಿನ ನರಗಳ ಗುರುತಾದ ಸಿಜಿಆರ್‌ಪಿ ಅನ್ನುವ ಪೆಪ್ಟೈಡ್ ತುಂಬಿದ ನರದ ಎಳೆಗಳು ಪೆರಿಆಸ್ಟಿಯಂನಿಂದ (ಮೂಳೆಯ ಹೊರಪೊರೆ) ಹೊರಟು, ರಕ್ತನಾಳದ ಪಕ್ಕದಲ್ಲೇ ಕ್ಯಾಲಸ್ ಕಡೆಗೆ ಹೋಗುವುದು ನೀಟಾಗಿ ಕಾಣುತ್ತದೆ. ಮೃದ್ವಸ್ಥಿ ಇರುವ ನಡುಭಾಗಕ್ಕೆ ಮಾತ್ರ ಅವು ಕಾಲಿಡುವುದಿಲ್ಲ. ಬಣ್ಣದ ಕಸವಾಗಿದ್ದರೆ ಹೀಗೆ ಜಾಗ ನೋಡಿಕೊಂಡು ಕೂರುತ್ತಿತ್ತಾ?

ನನ್ನದು ಇಲಿಯ ತೊಡೆಮೂಳೆ. ಒಳಗೆ ಸ್ಟೀಲ್ ತಂತಿ, ಮೇಲಿಂದ ಭಾರ ಬೀಳಿಸಿ ಮುರಿಯುವ ಹಳೇ ಮಾದರಿ.

ಮೂಳೆ ತೆಳ್ಳಗೆ ಕತ್ತರಿಸಬೇಕಾದರೆ ಮೊದಲು ಅದರ ಸುಣ್ಣ ತೆಗೆಯಬೇಕು. ಅಲ್ಲಿ ಮೊದಲು ಕೈಕೊಟ್ಟಿದ್ದು ಆಸಿಡ್. ಫಾರ್ಮಿಕ್ ಆಸಿಡ್‌ನಲ್ಲಿ ಕೆಲವೇ ದಿನಕ್ಕೆ ಮೂಳೆ ಮೆತ್ತಗಾಗುತ್ತದೆ, ಪೆಥಾಲಜಿಯವರಿಗೆ ಅಷ್ಟು ಸಾಕು. ಆದರೆ ಸಿಜಿಆರ್‌ಪಿ 37 ಅಮೈನೋ ಆಸಿಡ್‌ಗಳ ಪುಟ್ಟ ಪೆಪ್ಟೈಡ್. ಆಸಿಡ್ ಕಂಡ ಮೂಳೆಯಲ್ಲಿ ನನಗೆ ಒಂದು ಎಳೆಯೂ ಸಿಗಲಿಲ್ಲ. ಅದೇ ಇಲಿಯ ಬೆನ್ನುಹುರಿ ಪಕ್ಕದ ನರಗಂಟು, ಸಿಜಿಆರ್‌ಪಿಗೆ ಅಂಟಿ ಅದನ್ನು ತೋರಿಸುವ ಅದೇ ಆಂಟಿಬಾಡಿಗೆ ಝಗ್ಗನೆ ಹೊಳೆಯುತ್ತಿತ್ತು. ಅಂದರೆ ಆಂಟಿಬಾಡಿ ಸರಿಯಿದೆ, ಮೂಳೆ ಕೆಟ್ಟಿದೆ. ಅಷ್ಟು ತಿಳಿಯುವ ಹೊತ್ತಿಗೆ ಸುಮಾರು 45 ಸಾವಿರ ರೂಪಾಯಿಯ ಆಂಟಿಬಾಡಿಯ ಸಣ್ಣ ಶೀಶೆ ಅರ್ಧ ಖಾಲಿ.

ಆಮೇಲೆ ಇಡಿಟಿಎ, ಆಸಿಡ್‌ನಷ್ಟು ಒರಟಲ್ಲದೆ ನಿಧಾನಕ್ಕೆ ಸುಣ್ಣ ಹಿಡಿದೆಳೆಯುವ ರಾಸಾಯನಿಕ. 14 ಪರ್ಸೆಂಟ್, ಪಿಎಚ್ 7.4, ಪೂರ್ತಿ ಕೋಲ್ಡ್ ರೂಮಿನಲ್ಲೇ. ಪುಡಿ ಸುಲಭಕ್ಕೆ ಕರಗುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಒಂದೊಂದೇ ಬಿಡುತ್ತಾ ಕಾಯಬೇಕು. ಪಿಎಚ್ 8ರ ಹತ್ತಿರ ಬಂದಾಗ ಹಾಲಿನಂತಿದ್ದ ನೀರು ತಿಳಿಯಾಗುತ್ತದೆ, ಆಮೇಲೆ 7.4ಕ್ಕೆ ಇಳಿಸುವುದು. ದಿನ ಬಿಟ್ಟು ದಿನ ಬದಲಿಸಿದರೂ ಮೂರು ವಾರ ಮೇಲೇ ಹಿಡಿಯಿತು. ಅಭ್ಯಾಸಕ್ಕೆ ಕೋಳಿ ಅಂಗಡಿಯಿಂದ ಕಾಲಿನ ಮೂಳೆ ತಂದು ಹಾಕಿದ್ದೆ, ಇಲಿ ಜೀವ ಸುಮ್ನೆ ಹಾಳಾಗಬಾರದು ಅಂತ. ಸುಣ್ಣ ಹೋಯಿತೇ ಅಂತ ಸೂಜಿ ಚುಚ್ಚಿ ನೋಡಬೇಡಿ, ಕ್ಯಾಲಸ್ ಹರಿಯುತ್ತದೆ. ಇಲಿಯ ತೊಡೆಮೂಳೆ ಮೂರೂವರೆ ಸೆಂಟಿಮೀಟರ್ ಆಸುಪಾಸು, ಹಲ್ಲಿನ ಎಕ್ಸ್‌ರೇ ಫಿಲ್ಮಿನಲ್ಲಿ ಸರಿಯಾಗಿ ಕೂರುತ್ತದೆ. ಡೆಂಟಲ್ ಕಾಲೇಜಿನ ಗೆಳೆಯ ಕಾಸು ಕೇಳದೆ ತೆಗೆದುಕೊಟ್ಟ.

ಅಷ್ಟಾದರೂ ಮೇಣದಲ್ಲಿ (ಪ್ಯಾರಾಫಿನ್) ಹೂತು 5 ಮೈಕ್ರಾನ್ ತೆಳ್ಳಗೆ ಕತ್ತರಿಸಿದ ಸೆಕ್ಷನ್‌ನಲ್ಲಿ ಬರೀ ಚುಕ್ಕಿ. ಹುರುಳಿಕಾಯಿಯನ್ನು ಅಡ್ಡಡ್ಡ ಹೆಚ್ಚಿ ನಾರು ಹುಡುಕಿದ ಹಾಗೆ. ಪ್ಯಾರಾಫಿನ್ ಬಿಟ್ಟು ಹೆಪ್ಪುಗಟ್ಟಿಸಿ ಕತ್ತರಿಸುವ ಕ್ರಯೋಸ್ಟಾಟ್ ಯಂತ್ರದಲ್ಲಿ 60-80 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಸ್ಲೈಡಿಗೆ ಅಂಟಿಸದೆ ಸಣ್ಣ ಗುಳಿಗಳಿರುವ ಲ್ಯಾಬ್ ತಟ್ಟೆಯಲ್ಲಿ ತೇಲಿಬಿಟ್ಟು, ಆಂಟಿಬಾಡಿಯಲ್ಲಿ ಎರಡು ಮೂರು ರಾತ್ರಿ ನೆನೆಸಿದೆ. ಆಗ ಎಳೆ ಎಳೆಯಾಗಿ ಬಂತು. ಇಷ್ಟು ದಪ್ಪದ ಕ್ಯಾಲಸ್ ಕತ್ತರಿಸುವಾಗ ಪುಡಿಯಾಗದಂತೆ ಏನು ಮಾಡುತ್ತೇನೆ ಅನ್ನುವುದು ಪೇಪರ್ ಬರುವವರೆಗೆ ನನ್ನಲ್ಲೇ ಇರಲಿ.

ಮೊದಲ ವಾರದ ಕ್ಯಾಲಸ್‌ನಲ್ಲಿ ರಕ್ತಕಣ ಜಾಸ್ತಿ, ಅವು ತಾವಾಗೇ ಹೊಳೆದು ಎಲ್ಲ ಮುಚ್ಚಿಬಿಡುತ್ತವೆ. ಅದನ್ನು ತಗ್ಗಿಸುವ ಕಿಟ್‌ಗೆ ಇಪ್ಪತ್ತು ಸಾವಿರದ ಮಾತು. ನಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ಮುನ್ನೂರು ರೂಪಾಯಿಯ ಬಿಳಿ ಎಲ್‌ಇಡಿ ಪಟ್ಟಿ ತಂದು, ಬಣ್ಣ ಹಾಕುವ ಮೊದಲು ಸೆಕ್ಷನ್‌ಗಳನ್ನು ಕೋಲ್ಡ್ ರೂಮಿನಲ್ಲಿ ಅದರ ಕೆಳಗೆ ಒಂದೆರಡು ರಾತ್ರಿ ಇಟ್ಟೆ. ಹೊಳಪು ಹೆಚ್ಚುಕಡಿಮೆ ಸತ್ತೇ ಹೋಯಿತು. ಕಿಟ್ ಕೊಂಡವರೇ ಈಗ ಬಂದು ನನ್ನ ಪಟ್ಟಿ ಕೇಳುತ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗ, ಈ ನರಗಳೇ ಇಲ್ಲದಿದ್ದರೆ ಮೂಳೆ ಹೇಗೆ ಕೂಡುತ್ತದೆ ಅಂತ. ಮೆಣಸಿನಕಾಯಿಯ ಖಾರದ ಕ್ಯಾಪ್ಸೈಸಿನ್, ಟಿಆರ್‌ಪಿವಿ1 ಅನ್ನುವ ಖಾರ-ಬಿಸಿ ಗ್ರಹಿಸುವ ಪ್ರೋಟೀನ್ (ಗ್ರಾಹಕ) ಇರುವ ನರಗಳನ್ನೇ ಹುಡುಕಿ ಹೊಡೆಯುತ್ತದೆ. ಆ ಗ್ರಾಹಕ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಎಥಿಕ್ಸ್ ಸಮಿತಿಯ ಒಪ್ಪಿಗೆಗೆ ತಿಂಗಳುಗಟ್ಟಲೆ ಓಡಾಡಿ, ಅರಿವಳಿಕೆ ಕೊಟ್ಟು ಕೆಲವು ಇಲಿಗಳಿಗೆ ಮೊದಲೇ ಹಾಕಿದೆ. ಅವುಗಳ ಕ್ಯಾಲಸ್ ಎಕ್ಸ್‌ರೇಯಲ್ಲಿ ದಪ್ಪಗೆ, ಚೆಂದಕ್ಕೆ ಕಾಣುತ್ತಿತ್ತು. "ಇದು ಚೆನ್ನಾಗಿ ಕೂಡಿದೆ ಕಣಯ್ಯ" ಅಂದರು ಆರ್ಥೋ ಸರ್. ಮೆಷಿನ್‌ಗೆ ಹಾಕಿ ಬಗ್ಗಿಸಿದರೆ ಬೇರೆಯವಕ್ಕಿಂತ ಬೇಗ ಮುರಿಯಿತು. ನರ ಹೋದ ಇಲಿಗಳಲ್ಲಿ ಗಾತ್ರ ಜಾಸ್ತಿ, ಗಟ್ಟಿ ಕಡಿಮೆ ಅಂತ ಹಳೇ ಪೇಪರ್‌ಗಳಲ್ಲೂ ಇದೆ. ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಸತ್ತು ಶಾರ್ಕೋ ಪಾದ (ನೋವು ತಿಳಿಯದೆ ಪಾದದ ಮೂಳೆ-ಕೀಲು ಕುಸಿಯುವುದು) ಆದವರ ಮೂಳೆ ನೋಡುವಾಗ ನನಗೆ ಈ ಇಲಿಗಳೇ ನೆನಪಾಗುತ್ತವೆ.

ನೋವಿಗೆ ಏನು ಕೊಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಅಫೀಮು ಜಾತಿಯ ನೋವುನಿವಾರಕ ಬ್ಯುಪ್ರೆನಾರ್ಫಿನ್ ಮಾತ್ರ. ಐಬುಪ್ರೊಫೆನ್ ಜಾತಿಯವು ಪ್ರೊಸ್ಟಗ್ಲಾಂಡಿನ್ ಅನ್ನುವ, ನೋವು-ಉರಿಯೂತದ ರಾಸಾಯನಿಕವನ್ನು ತಡೆಯುತ್ತವೆ. ಮೂಳೆಯ ಪ್ರೊಸ್ಟಗ್ಲಾಂಡಿನ್ ಇ2ವನ್ನು ಈ ನರಗಳೇ ಗ್ರಹಿಸುತ್ತವೆ ಅಂತ ಜಾನ್ಸ್ ಹಾಪ್ಕಿನ್ಸ್ ತಂಡ 2019ರಲ್ಲಿ ತೋರಿಸಿದೆ. ನಾವು ನೋಡಬೇಕಾದ್ದನ್ನೇ ಔಷಧಿ ಕೊಟ್ಟು ಅಡ್ಡಗಟ್ಟಿದರೆ ಹೇಗೆ?

ಮುಂದಿನದು ಮೆಗ್ನೀಷಿಯಂ ತಂತಿ. ಅದು ಕರಗುತ್ತಾ ನರಗಳಿಂದ ಸಿಜಿಆರ್‌ಪಿ ಹೆಚ್ಚು ಹೊರಡಿಸಿ ಮೂಳೆ ಬೆಳೆಸುತ್ತದೆ ಅಂತ 2016ರಲ್ಲಿ ಹಾಂಗ್‌ಕಾಂಗ್‌ನವರು ಇಲಿಗಳಲ್ಲೇ ತೋರಿಸಿದ್ದರು. ನನ್ನ ಸೆಕ್ಷನ್‌ನಲ್ಲಿ ಅದನ್ನು ನೋಡಬೇಕು. ತಂತಿಗೆ ಎರಡು ಲಕ್ಷದ ಹತ್ತಿರ ಕೇಳುತ್ತಿದ್ದಾರೆ, ಗ್ರಾಂಟ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಯಾರಾದರೂ ತಮ್ಮ ಮೂಳೆ ತಂದರೆ ಕತ್ತರಿಸಿ ಕೊಡುತ್ತೇನೆ, ಆಸಿಡ್ ಮುಟ್ಟಿಸಿದ್ದು ಬೇಡ.