ಹಳೇ ಕಂಪ್ಯೂಟರಿಗೆ 4 ಟಿಬಿ ಡಿಸ್ಕ್ ಹಾಕುವ ಮೊದಲು ಇದನ್ನು ಓದಿ

ನಮ್ಮ ಮನೆಯ ಹಳೇ ವಿಂಡೋಸ್ 7 ಕಂಪ್ಯೂಟರಿಗೆ ಫೋಟೋ ಇಡೋಕೆ ಅಂತ 4 ಟಿಬಿ ಹಾರ್ಡ್ ಡಿಸ್ಕ್ ಹಾಕಿದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 2048 ಜಿಬಿ ಒಂದು ಕಡೆ, ಉಳಿದ 1678 ಜಿಬಿ ಇನ್ನೊಂದು ಕಡೆ ಕಪ್ಪು ಪಟ್ಟಿಯಾಗಿ ಕಾಣ್ತಿತ್ತು. ಆ ಕಪ್ಪು ಭಾಗದ ಮೇಲೆ ಏನೂ ಮಾಡೋಕೆ ಆಗಲಿಲ್ಲ.

ಡಿಸ್ಕ್ ಕೆಟ್ಟಿದೆ ಅಂತ ಗಾಬರಿಯಾಗಿ ಅಂಗಡಿಗೆ ವಾಪಸ್ ಕೊಡಬೇಡಿ. ತೊಂದರೆ ಡಿಸ್ಕಿನ ಜಾಗವನ್ನು ಭಾಗ ಮಾಡಿ ಗುರುತಿಡುವ ಎಂಬಿಆರ್ ಅನ್ನೋ ಹಳೇ ಪದ್ಧತಿಯದು. ಅದು ಡಿಸ್ಕಿನ ಪುಟ್ಟ ತುಂಡುಗಳಾದ ಸೆಕ್ಟರ್‌ಗಳನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತದೆ. ಒಂದು ಸೆಕ್ಟರಿಗೆ 512 ಬೈಟ್ ಅಂದರೆ ಲೆಕ್ಕ ಸುಮಾರು 2 ಟಿಬಿಗೇ ಮುಗಿಯುತ್ತದೆ.

ಡಿಸ್ಕ್ ಖಾಲಿ ಇದ್ದರೆ, ಪಾರ್ಟಿಷನ್ (ಡಿಸ್ಕಿನ ವಿಭಾಗ) ಅಳಿಸಿ, ಎಡಗಡೆಯ 'ಡಿಸ್ಕ್ 1' ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಟಿ ಅನ್ನೋ ಹೊಸ ಪದ್ಧತಿಗೆ ಬದಲಾಯಿಸಿ. ನಂಬರ್ ಸರಿಯಾಗಿ ನೋಡಿಕೊಳ್ಳಿ, ತಪ್ಪು ಡಿಸ್ಕ್ ಅಳಿಸಿದರೆ ಮಕ್ಕಳ ಫೋಟೋ ಎಲ್ಲಾ ಹೋಗುತ್ತೆ. ಡೇಟಾ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಲೇಬೇಕು.

ಹಳೇ ಬಯೋಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಇರುವ ಯಂತ್ರದಲ್ಲಿ ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಲ್ಲ. ಅದಕ್ಕೇ ವಿಂಡೋಸನ್ನು ಚಿಕ್ಕ ಎಸ್‌ಎಸ್‌ಡಿಯಲ್ಲಿ ಬಿಟ್ಟು, ದೊಡ್ಡದನ್ನು ಡೇಟಾಗೆ ಮಾತ್ರ ಇಟ್ಟೆ. ಕಂಪ್ಯೂಟರೂ ಚುರುಕಾಯ್ತು.

3 ಟಿಬಿ ಡಿಸ್ಕ್ ಬರೀ 746 ಜಿಬಿ ಅಂತ ತೋರಿಸಿದರೆ ಸಾಮಾನ್ಯವಾಗಿ ಸಾಟಾ ಡ್ರೈವರ್ (ವಿಂಡೋಸ್ ಡಿಸ್ಕಿನ ಜೊತೆ ಮಾತಾಡೋಕೆ ಬಳಸುವ ತಂತ್ರಾಂಶ) ಹಳೆಯದಾಗಿರುತ್ತೆ, ಅದನ್ನು ಅಪ್‌ಡೇಟ್ ಮಾಡಿ ನೋಡಿ. 32 ಬಿಟ್ ವಿಂಡೋಸ್ ಎಕ್ಸ್‌ಪಿ ಇದ್ದವರು ಮಾತ್ರ 2 ಟಿಬಿ ಡಿಸ್ಕನ್ನೇ ತಗೊಳ್ಳಿ, ಆ ವಿಂಡೋಸ್ ಜಿಪಿಟಿ ಓದುವುದಿಲ್ಲ.