ಅರ್ಧ ವಿಳಾಸದ ಊರಲ್ಲಿ ಆನ್‌ಲೈನ್ ಖರೀದಿ

ನಾಪೋಕ್ಲು ಕಡೆಯ ನಮ್ಮ ಮನೆಗೆ ನಂಬರ್ ಇದೆ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ತೋಟದ ಹೆಸರು, ಹತ್ತಿರದ ಅಂಗಡಿ, ಅಲ್ಲಿಂದ ಎಡಕ್ಕೆ ಮಣ್ಣುರಸ್ತೆ, ಅಷ್ಟೇ ವಿಳಾಸ. ಹಾಗಾಗಿ ಪಾರ್ಸೆಲ್ ತರುವ ಹುಡುಗರು ದಾರಿ ಕೇಳಿ ಫೋನ್ ಮಾಡೇ ಮಾಡುತ್ತಾರೆ. ಮೋಸಗಾರರಿಗೆ ಕೊಡಗಿನಲ್ಲಿ ಅನುಕೂಲ ಆಗಿರುವುದೂ ಇದೇ. ‘ನಿಮ್ಮ ವಿಳಾಸ ಪೂರ್ತಿ ಇಲ್ಲ, ಪಾರ್ಸೆಲ್ ನಿಂತಿದೆ, ಲಿಂಕ್ ಒತ್ತಿ 5 ರೂಪಾಯಿ ಕಟ್ಟಿ’ ಅಂತ ಅಂಚೆ ಇಲಾಖೆ ಹೆಸರು ಹಾಕಿಕೊಂಡ ಮೆಸೇಜ್ ಬಂದರೆ ಪಟ್ಟಣದವರು ಅನುಮಾನ ಪಡಬಹುದು. ನಮಗೆ ‘ಹೌದಲ್ವಾ, ಪೂರ್ತಿ ಎಲ್ಲಿದೆ’ ಅನ್ನಿಸಿಬಿಡುತ್ತದೆ. ಅವರಿಗೆ ಬೇಕಾಗಿರುವುದು ಆ 5 ರೂಪಾಯಿ ಅಲ್ಲ. ಅದನ್ನು ಕಟ್ಟಲು ನಾವು ತುಂಬುವ ಕಾರ್ಡಿನ ವಿವರ.

ನಾನು ಅಂಥ ಲಿಂಕ್ ಮುಟ್ಟುವುದಿಲ್ಲ. ಯಾವ ಆ್ಯಪ್‌ನಲ್ಲಿ ತರಿಸಿದ್ದೇನೋ ಅದನ್ನೇ ತೆರೆದು, ಆರ್ಡರ್ ಎಲ್ಲಿಗೆ ಬಂದಿದೆ ಅಂತ ನೋಡುತ್ತೇನೆ. ಅಲ್ಲಿ ತೊಂದರೆ ಕಾಣದಿದ್ದರೆ ಮೆಸೇಜ್ ಅಳಿಸಿ ಕೆಲಸಕ್ಕೆ ಹೋಗುತ್ತೇನೆ.

ಫೋನ್ ಬಂದಾಗ ಇನ್ನೊಂದು ಉಪಾಯ. ನಿಜವಾದ ಹುಡುಗ ‘ಅಣ್ಣಾ, ಅಂಗಡಿ ಹತ್ರ ಇದ್ದೀನಿ, ಗೇಟ್ ಯಾವ್ದು?’ ಅಂತಾನೆ. ಅನುಮಾನ ಬಂದರೆ ನಾನೇ ಕೇಳುತ್ತೇನೆ: ‘ಈಗ ಎಲ್ಲಿದ್ದೀರಿ? ಮೂರ್ನಾಡು ದಾಟಿದ್ರಾ?’ ಉತ್ತರ ತಡವರಿಸಿದರೆ ಅಲ್ಲಿಗೇ ಮಾತು ಮುಗಿಯಿತು. ‘ಡೆಲಿವರಿ ಪಕ್ಕಾ ಮಾಡಲು *21* ಒತ್ತಿ, ಆಮೇಲೆ ಈ ನಂಬರ್ ಹಾಕಿ’ ಅಂದರಂತೂ ಖಂಡಿತ ಮೋಸ. ಹಾಗೆ ಒತ್ತಿದರೆ ನಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಬ್ಯಾಂಕಿನ ಒಟಿಪಿ ಹೇಳುವ ಕರೆ ಕೂಡ. ಯಾರಾದರೂ ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ ಅದನ್ನು ತೆಗೆಯಬೇಕು.

ಡೆಲಿವರಿಗೂ ಒಟಿಪಿ ಇರುತ್ತದೆ ನಿಜ. ಅದನ್ನು ಪಾರ್ಸೆಲ್ ಕೈಗೆ ಬಂದ ಮೇಲೆ ಹೇಳುತ್ತೇನೆ, ಫೋನಿನಲ್ಲಿ ಅಲ್ಲ. ಹೇಳುವ ಮೊದಲು ಮೆಸೇಜ್ ಪೂರ್ತಿ ಓದುತ್ತೇನೆ. ರೂಪಾಯಿ ಲೆಕ್ಕ, ಬ್ಯಾಂಕಿನ ಹೆಸರು ಇದ್ದರೆ ಅದು ಡೆಲಿವರಿಯದ್ದಲ್ಲ.

ಮನೆಯಲ್ಲಿ ಹಗಲು ಅವ್ವ ಒಬ್ಬರೇ. ತರಿಸದ ಪಾರ್ಸೆಲ್ ತಂದು ‘ನಿಮ್ಮ ಮಗ ಆರ್ಡರ್ ಮಾಡಿದ್ದು, 600 ಕೊಡಿ’ ಅಂತ ದುಡ್ಡು ವಸೂಲಿ ಮಾಡಿಕೊಂಡು ಹೋಗುವವರಿದ್ದಾರೆ. ಅದಕ್ಕೆ ಬಾಗಿಲ ಪಕ್ಕದ ಕ್ಯಾಲೆಂಡರ್‌ನಲ್ಲಿ ಏನು ಬರಬೇಕು, ದುಡ್ಡು ಕೊಟ್ಟಾಗಿದೆಯೋ ಇಲ್ಲವೋ ಅಂತ ಬರೆದಿಡುತ್ತೇನೆ. ಅದರಲ್ಲಿ ಇಲ್ಲದ್ದಕ್ಕೆ ಅವ್ವ ಒಂದು ಪೈಸೆ ಬಿಚ್ಚುವುದಿಲ್ಲ. ಅಂಗಡಿಯವರಿಗೂ ಹಾಗೇ ಹೇಳಿದ್ದೇನೆ.

ಇನ್ನು ದುಡ್ಡು. ಕಾಫಿ, ಮೆಣಸು ಮಾರಿದ ಹಣ ಇರುವ ಖಾತೆಗೂ ನನ್ನ ಫೋನಿಗೂ ಸಂಬಂಧ ಇಟ್ಟಿಲ್ಲ. ಖರೀದಿಗೆ ಬೇರೆ ಖಾತೆ, ಅದರಲ್ಲಿ ಆಗಾಗ ಬೇಕಾದಷ್ಟೇ ಹಾಕುತ್ತೇನೆ. ಯುಪಿಐ ಆ ಖಾತೆಗೆ ಮಾತ್ರ. ಹೋಂಸ್ಟೇ ನಡೆಸುವ ನೆಂಟರಿಗೂ ಇದನ್ನೇ ಹೇಳುತ್ತಿರುತ್ತೇನೆ. ‘ಮಿಲಿಟರಿಯವನು, ರೂಮಿಗೆ ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನುವವರಿದ್ದಾರಲ್ಲ, ದುಡ್ಡು ಬರಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಹಾಕಿದರೆ ಹೋಗುವುದೇ.

ಗೊತ್ತಿಲ್ಲದ ಸೈಟ್ ಆದರೆ ಮಾರುವವರ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಹುಡುಕುತ್ತೇನೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇವು ಇರಲೇಬೇಕು. 15 ಅಕ್ಷರಗಳ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಜಿಎಸ್‌ಟಿಯ ಸರ್ಕಾರಿ ಸೈಟಿನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಕರ್ನಾಟಕದ್ದಾದರೆ 29ರಿಂದ ಶುರು. ‘ಮಡಿಕೇರಿಯ ಶುದ್ಧ ಜೇನು’ ಅಂತ ಬರೆದು ನಂಬರ್ ಇನ್ಯಾವುದೋ ರಾಜ್ಯದ್ದಿದ್ದರೆ ನಾನು ಅಲ್ಲಿಂದ ತರಿಸುವುದಿಲ್ಲ.

ಸೈಟ್ ಅಸಲಿ ಆದರೂ ಮಾಲು ಕಳಪೆ ಬರಬಹುದು. ಕಣದಲ್ಲಿ ಕಾಫಿ ಒಣಗಿಸಲು ಟಾರ್ಪಾಲ್ ತರಿಸಿದ್ದೆ, 12ಕ್ಕೆ 18 ಅಡಿ, 250 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಈ ಅಳತೆಗೆ ಸುಮಾರು 20 ಚದರ ಮೀಟರ್, ಅಂದರೆ 5 ಕೆಜಿ ತೂಗಬೇಕು. ಕಾಫಿ ತೂಗುವ ಕಾಟಾ ಮನೆಯಲ್ಲೇ ಇದೆಯಲ್ಲ, ಇಟ್ಟೆ. ಮೂರು ಕೆಜಿಯೂ ಮುಟ್ಟಲಿಲ್ಲ. ಪ್ಯಾಕೆಟ್ ಒಡೆಯುವಾಗಿನಿಂದ ವಿಡಿಯೊ ಮಾಡುವುದು ನನ್ನ ರೂಢಿ. ಲೇಬಲ್, ಕಾಟಾದ ಅಂಕಿ ಎರಡೂ ಕಾಣುವಂತೆ ಮಾಡಿ ಆ್ಯಪ್‌ನಲ್ಲೇ ಕಳಿಸಿದೆ. ಮೊದಲು ‘ಮಾಲು ಸರಿ ಇದೆ’ ಅಂದರು, ಲೆಕ್ಕ ಬರೆದು ಮತ್ತೆ ಕಳಿಸಿದ ಮೇಲೆ ವಾಪಸ್ ತೆಗೆದುಕೊಂಡರು. ಒಪ್ಪದೇ ಇದ್ದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವವನಿದ್ದೆ. ದುಡ್ಡು ತಾನಾಗಿ ಅದೇ ಖಾತೆಗೆ ಬಂತು. ರೀಫಂಡ್ ಕೊಡಲು ಯಾರೂ ಒಟಿಪಿ ಕೇಳುವ ಅಗತ್ಯವಿಲ್ಲ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವುದಂತೂ ಬೇಡವೇ ಬೇಡ, ಅಲ್ಲಿ ನಕಲಿ ನಂಬರ್‌ಗಳು ಜಾಸ್ತಿ.

ದುಡ್ಡು ಹೋಗಿಯೇಬಿಟ್ಟರೆ ಮೊದಲು ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕಿಗೆ. ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೇ 1930 ಮತ್ತು ಬ್ಯಾಂಕಿನ ನಂಬರ್ ಎರಡನ್ನೂ ಕ್ಯಾಲೆಂಡರ್‌ನಲ್ಲೇ ದೊಡ್ಡದಾಗಿ ಬರೆದಿದ್ದೇನೆ. ಸಿಗ್ನಲ್ ಸಿಗುವ ತಿರುವಿನವರೆಗೆ ಬೈಕ್‌ನಲ್ಲಿ ಹೋಗಿ ಮಾತಾಡಿದರಾಯಿತು.